ಬಿದ್ದ ಜಾಗದಲ್ಲಿ ಏನಿತ್ತು?

ಸಂಕ್ರಾಂತಿಗೆ ಇನ್ನು ನಾಲ್ಕು ದಿನ ಇತ್ತು. ಬೆಳಗಿನ ಜಾವ ಮೈಸೂರಿನಿಂದ ಸೈಕಲ್ ಹತ್ತಿ ಹೊರಟು, ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದು ವಾಪಸ್ ಬರುತ್ತಿದ್ದೆ. ಜಕ್ಕನಹಳ್ಳಿ ದಾಟಿದ ಮೇಲೆ ಪಾಂಡವಪುರದ ಕಡೆಗೆ ರಸ್ತೆ ಅಲ್ಲಲ್ಲಿ ಸಣ್ಣಗೆ ಇಳಿಯುತ್ತದೆ. ಬೆನ್ನಿಗೆ ಗಾಳಿ ಬೇರೆ. ಪೆಡಲ್ ತುಳಿಯದಿದ್ದರೂ ಸೈಕಲ್ ತಾನಾಗೇ ಓಡುತ್ತಿತ್ತು. ಒಂದು ತಿರುವು ದಾಟಿದ್ದೇ ತಡ, ಅರ್ಧ ರಸ್ತೆಗೆ ಹುರುಳಿ ಹರಡಿತ್ತು.

ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಬಂತು ಅಂದರೆ ರಾಗಿ, ಹುರುಳಿ ಎಲ್ಲ ಡಾಂಬರು ರಸ್ತೆಗೇ ಬರುತ್ತವೆ. ಓಡಾಡುವ ಬಸ್ಸು, ಲಾರಿ, ಟ್ರ್ಯಾಕ್ಟರುಗಳೇ ಒಕ್ಕಣೆ ಮಾಡಿಕೊಡುತ್ತವೆ. ಕಣ ಮಾಡೋಣ ಅಂದರೆ ಜಾಗ ಇಲ್ಲ, ಆಳು ಸಿಗೋದಿಲ್ಲ. ಅವರನ್ನು ಬೈಯೋಕೆ ನನಗೆ ಮನಸ್ಸು ಬರೋದಿಲ್ಲ. ಆದರೆ ಒಂದೂವರೆ ಬೆರಳು ಅಗಲದ ಟೈರಿಗೆ ಒಣಗಿದ ಹುರುಳಿ ಅಂದರೆ ಎಣ್ಣೆ ಸುರಿದ ಹಾಗೆ. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಚಕ್ರ ಪಕ್ಕಕ್ಕೆ ಜಾರಿತು.

ಮೊದಲು ಕೇಳಿಸಿದ್ದು ಹೆಲ್ಮೆಟ್ಟು ಡಾಂಬರಿಗೆ ಬಡಿದ ಸದ್ದು. ಆಮೇಲೆ ಮೈ ಜಾರುತ್ತಾ ಹೋಗಿ ರಸ್ತೆ ಬದಿಯ ರಾಶಿಯೊಳಕ್ಕೆ ನುಗ್ಗಿತು. ಇನ್ನೂ ಹರಡದೆ ಒಟ್ಟಿದ್ದ ಹುರುಳಿ ಅದು. ಬಾಯಿ ತುಂಬ ಧೂಳು. ಹೊಲದ ಕಡೆಯಿಂದ ಒಬ್ಬ ಅಜ್ಜಿ ಓಡಿ ಬಂದರು. "ಅಯ್ಯೋ ನಮ್ಮಪ್ಪ, ಏಟಾಯ್ತಾ ಮಗ?" ಅಂತ ಕೈ ಹಿಡಿದು ಎಬ್ಬಿಸಿ, ಚೊಂಬಿನಿಂದ ಮೊಣಕೈಗೆ ನೀರು ಹುಯ್ದರು. ಚರ್ಮ ಕಿತ್ತು ಬಂದಿತ್ತು. ನೀರು ಬಿದ್ದ ಕೂಡಲೇ ಉರಿ ನೆತ್ತಿಗೇರಿತು. ಅಜ್ಜಿ ಮಾತ್ರ ನನ್ನ ಕೈ ಬಿಟ್ಟು ಪಕ್ಕಕ್ಕೆ ನೋಡುತ್ತಿದ್ದರು. ರಾಶಿಯಿಂದ ಎರಡು ಹೆಜ್ಜೆ ಆಚೆ ಕಿಲೋಮೀಟರ್ ಕಲ್ಲು ನಿಂತಿತ್ತು. "ಇದ್ಕೆ ಬಡ್ದಿದ್ರೆ ಏನಪ್ಪ ಗತಿ?" ಅಂದರು.

ಆ ಮಾತು ಅವತ್ತಿನಿಂದ ತಲೆಯಲ್ಲೇ ಉಳಿದಿದೆ. ನಾನು ಬಿದ್ದದ್ದೂ ಹುರುಳಿಯಿಂದ, ಉಳಿದದ್ದೂ ಹುರುಳಿಯಿಂದ.

ಮನೆಗೆ ಬಂದ ಮೇಲೆ ಅಕ್ಕ ಆ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹೊರಗೆ ಬರೀ ಗೀರು. ಒಳಗಿನ ಥರ್ಮಾಕೋಲಿನಲ್ಲಿ ಮಾತ್ರ ಕಿವಿಯ ಮೇಲ್ಭಾಗದಿಂದ ಹಿಂದಿನ ತನಕ ಕೂದಲೆಳೆಯಷ್ಟು ಸಣ್ಣ ಬಿರುಕು. ಅದರ ಮೇಲೆ ಉಗುರು ಆಡಿಸುತ್ತಾ ಕೇಳಿದಳು: "ನಿನ್ನ ನೋಡ್ಕೊಂಡೇ ಅವಳು ಸೈಕಲ್ ಹಿಡಿದಿದ್ದು. ಈಗ ರೇಸಿಗೆ ಹೋಗ್ತೀನಿ ಅಂತ ಕೂತಿದ್ದಾಳೆ. ಕಳಿಸ್ಲೋ ಬೇಡ್ವೋ, ನೀನೇ ಹೇಳು."

ಅವಳು ಅಂದರೆ ಅಕ್ಕನ ಮಗಳು. ಹದಿನೇಳು ವರ್ಷ, ಪಿಯುಸಿ. ಎರಡು ವರ್ಷದಿಂದ ನನ್ನ ಜೊತೆ ಭಾನುವಾರ ಭಾನುವಾರ ಚಾಮುಂಡಿ ಬೆಟ್ಟ ಹತ್ತುತ್ತಾಳೆ. ಈಗೀಗ ನನಗಿಂತ ಮೊದಲೇ ಮೇಲೆ ತಲುಪಿ ಕಾಯುತ್ತಾಳೆ. "ರೇಸ್ ಅಂದಮೇಲೆ ಬೀಳೋದು ಇದ್ದದ್ದೇ ಅಕ್ಕ" ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಬಾಯಿ ಬರಲಿಲ್ಲ. ಎಷ್ಟೋ ವರ್ಷದಿಂದ ಜುಲೈ ಬಂತೆಂದರೆ ಫ್ರಾನ್ಸಿನ ಮೂರು ವಾರದ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ನೋಡುವವನು ನಾನು. ಬಿದ್ದವರನ್ನೂ ನೋಡಿದ್ದೇನೆ, ಎದ್ದು ಬಾರದವರನ್ನೂ ನೋಡಿದ್ದೇನೆ. ಆ ರಾತ್ರಿ ನಿದ್ದೆ ಬರದೆ ಅವರನ್ನೆಲ್ಲ ಮತ್ತೆ ನೆನಪಿಸಿಕೊಂಡೆ. ಈ ಸಲ ಹೇಗೆ ಬಿದ್ದರು ಅಂತ ಕೇಳಿಕೊಳ್ಳಲಿಲ್ಲ. ಅಜ್ಜಿ ಕೇಳಿದ ಪ್ರಶ್ನೆಯನ್ನೇ ಹಿಡಿದುಕೊಂಡೆ. ಬಿದ್ದ ಜಾಗದಲ್ಲಿ ಏನಿತ್ತು?

ಬೀಳೋದು ಯಾಕೆ ಅನ್ನೋದಕ್ಕೆ ಹೆಚ್ಚು ಹುಡುಕಬೇಕಿಲ್ಲ. ಸೈಕಲ್ ರೇಸಿನಲ್ಲಿ ಸವಾರ ಗುದ್ದಾಡುವುದು ಗಾಳಿಯ ಜೊತೆ. ಮುಂದಿನವರ ಬೆನ್ನ ಮರೆಗೆ ಸೇರಿಕೊಂಡರೆ ಶ್ರಮದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಉಳಿಯುತ್ತದೆ. ಅದಕ್ಕೇ 170ಕ್ಕೂ ಜಾಸ್ತಿ ಜನ ಒಟ್ಟೊಟ್ಟಿಗೆ ಒಂದೇ ಗುಂಪಾಗಿ ಹೋಗುತ್ತಾರೆ. ಪೆಲೊಟಾನ್ ಅನ್ನೋದು ಅದಕ್ಕೇ. ಚಕ್ರಕ್ಕೂ ಚಕ್ರಕ್ಕೂ ನಡುವೆ ಒಂದು ಗೇಣು ಜಾಗ ಇದ್ದರೆ ಜಾಸ್ತಿ. ಟೂರ್‌ನಲ್ಲಿ ಮೂರು ವಾರದ ಸರಾಸರಿ ವೇಗವೇ ಈಗ ಗಂಟೆಗೆ 42 ಕಿ.ಮೀ. ದಾಟಿದೆ. ಹಿಂದಿನವನ ಚಕ್ರ ಮುಂದಿನವನ ಚಕ್ರಕ್ಕೆ ಒಮ್ಮೆ ಸವರಿದರೆ ಸಾಕು, ಹಿಂದಿನವನು ನೆಲಕ್ಕೆ. ಅವನ ಮೇಲೆ ಇನ್ನು ಹತ್ತು ಜನ. 2021ರ ಟೂರ್‌ನ ಮೊದಲ ದಿನವೇ ರಸ್ತೆ ಬದಿಯಲ್ಲಿದ್ದ ಒಬ್ಬ ಹೆಂಗಸು ಕ್ಯಾಮೆರಾ ಕಡೆ ನೋಡುತ್ತಾ ರಟ್ಟಿನ ಬೋರ್ಡ್ ಹಿಡಿದು ರಸ್ತೆಗೆ ಬಾಗಿದರು. ಟೋನಿ ಮಾರ್ಟಿನ್ ಅನ್ನುವ ಸವಾರ ಅದಕ್ಕೆ ತಾಗಿ ಬಿದ್ದ. ಹಿಂದೆಯೇ ರಸ್ತೆಯ ಅಗಲಕ್ಕೂ ಜನ, ಸೈಕಲ್ಲು ಎಲ್ಲ ಒಂದರ ಮೇಲೊಂದು ಬಿದ್ದವು.

ಇದನ್ನು ಪೂರ್ತಿ ತಪ್ಪಿಸೋಕೆ ಆಗೋದಿಲ್ಲ. ಗುಂಪು ಇಲ್ಲದಿದ್ದರೆ ಆ ಆಟವೇ ಇಲ್ಲ. ಬಿದ್ದವರಲ್ಲಿ ಬಹಳ ಜನ ಎದ್ದು, ಹರಿದ ಬಟ್ಟೆಯಲ್ಲೇ ಮತ್ತೆ ಸೈಕಲ್ ಹತ್ತುತ್ತಾರೆ. ಎದ್ದು ಬಾರದವರ ವಿಷಯ ಬೇರೆ.

1995ರ ಜುಲೈ 18. ಪಿರನೀಸ್ ಬೆಟ್ಟದ ಪೋರ್ಟೆ ದಾಸ್ಪೆ ಇಳಿಜಾರು. ಇಟಲಿಯ ಫಾಬಿಯೊ ಕಸಾರ್ಟೆಲಿ, 1992ರ ಒಲಿಂಪಿಕ್ ಚಿನ್ನ ಗೆದ್ದವನು, ವಯಸ್ಸು 24. ಬಿದ್ದ ಜಾಗದಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿದ್ದ ಕಾಂಕ್ರೀಟ್ ಕಲ್ಲುಗಳಿದ್ದವು. 2011ರ ಮೇ 9. ಇಟಲಿಯ ಜಿರೊ ರೇಸ್, ಬೊಕ್ಕೊ ಕಣಿವೆಯ ಇಳಿಜಾರು. ಬೆಲ್ಜಿಯಂನ ವೌಟರ್ ವೇಲಾಂಟ್ ತಾಗಿದ್ದು ರಸ್ತೆ ಬದಿಯ ಮೋಟುಗೋಡೆಗೆ. ಅವನ ಬೆನ್ನಿಗೆ ಅಂಟಿಸಿದ್ದ ನಂಬರ್ 108 ಅನ್ನು ಜಿರೊದವರು ಮತ್ತೆ ಯಾರಿಗೂ ಕೊಡಲಿಲ್ಲ. 2019ರ ಆಗಸ್ಟ್ 5. ಪೋಲೆಂಡಿನ ರೇಸ್. ಬ್ಯೋರ್ಗ್ ಲ್ಯಾಂಬ್ರೆಕ್ಟ್‌ಗೆ 22 ವರ್ಷ. ಅಲ್ಲಿ ಬೆಟ್ಟದ ಇಳಿಜಾರೂ ಇರಲಿಲ್ಲ. ಅವನು ಹೋಗಿ ಬಡಿದದ್ದು ಚರಂಡಿಯ ಕಾಂಕ್ರೀಟ್ ಮೋರಿಗೆ.

ಮೋರಿ! ನಮ್ಮ ಯಾವ ಹಳ್ಳಿ ರಸ್ತೆಯಲ್ಲಿ ಮೋರಿ ಇಲ್ಲ ಹೇಳಿ. ಹುಲ್ಲು ಬೆಳೆದು ಮುಚ್ಚಿರುತ್ತದೆ. ಕಣ್ಣಿಗೂ ಬೀಳೋದಿಲ್ಲ.

ಐದು ವರ್ಷದ ನಂತರ, 2024ರ ಏಪ್ರಿಲ್ 4ರಂದು, ಸ್ಪೇನಿನ ಬಾಸ್ಕ್ ನಾಡಿನ ರೇಸಿನಲ್ಲಿ ಮತ್ತೆ ಅದೇ ಕಾಂಕ್ರೀಟ್ ಚರಂಡಿ. ಒಂದು ಬಲ ತಿರುವಿನಲ್ಲಿ ಗುಂಪಿನ ಮುಂದಿದ್ದವರು ಜಾರಿ, ರಸ್ತೆ ದಾಟಿ, ಚರಂಡಿ ಮತ್ತು ಬಂಡೆಗಳ ಮೇಲೆ ಬಿದ್ದರು. ಎರಡು ಸಲ ಟೂರ್ ಗೆದ್ದ ಯೋನಾಸ್ ವಿಂಗೆಗೋರ್‌ನ ಹೆಗಲ ಮೂಳೆ, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಪೆಟ್ಟಾಯಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ರೆಮ್ಕೊ ಎವೆನೆಪೂಲ್‌ನ ಹೆಗಲೂ ಮುರಿಯಿತು. ಅದೇ ಬೇಸಿಗೆಯ ಟೂರ್‌ನಲ್ಲಿ ವಿಂಗೆಗೋರ್ ಎರಡನೆಯವನಾದ, ಎವೆನೆಪೂಲ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ. ಅವರ ಗಟ್ಟಿತನಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಹೀಗೆ ಎದ್ದು ಬಂದವರ ಕಥೆಯನ್ನೇ ಹೇಳಿಕೊಂಡು ಕೂತರೆ ಚರಂಡಿಯ ಮಾತು ಮರೆತು ಹೋಗುತ್ತದೆ. ಅದು ನನಗೆ ಬೇಜಾರು.

ಎಲ್ಲಕ್ಕಿಂತ ಜಾಸ್ತಿ ನಾನು ಯೋಚನೆ ಮಾಡಿರುವುದು ಫಾಬಿಯೊ ಯಾಕೊಬ್ಸೆನ್ ಬಗ್ಗೆ. ಲ್ಯಾಂಬ್ರೆಕ್ಟ್ ಹೋಗಿ ಸರಿಯಾಗಿ ಒಂದು ವರ್ಷ, 2020ರ ಆಗಸ್ಟ್ 5. ಅದೇ ಪೋಲೆಂಡಿನ ರೇಸ್, ಕಟೊವಿಟ್ಸೆ ಊರು. ಅಲ್ಲಿ ಗೆಲುವಿನ ಗೆರೆ ಇದ್ದದ್ದು ಇಳಿಜಾರಿನಲ್ಲಿ. ಕೊನೆಯ ಓಟದಲ್ಲಿ ವೇಗ ಗಂಟೆಗೆ 80 ಕಿ.ಮೀ. ಮುಂದೆ ಇದ್ದ ಡೈಲನ್ ಗ್ರೂನೆವೇಗನ್ ತನ್ನ ದಾರಿ ಬಿಟ್ಟು ಬಲಕ್ಕೆ ಸರಿದ. ಪಕ್ಕದಲ್ಲಿದ್ದ ಯಾಕೊಬ್ಸೆನ್‌ಗೆ ಹೋಗಲು ಜಾಗವೇ ಉಳಿಯಲಿಲ್ಲ. ಬ್ಯಾರಿಕೇಡಿಗೆ ಬಡಿದ. ತಡೆದು ನಿಲ್ಲಿಸಬೇಕಾದ ಬ್ಯಾರಿಕೇಡುಗಳು ಕಿತ್ತು ಹಾರಿದವು. ಅವನು ಅವುಗಳ ಆಚೆಗೆ ಹೋಗಿ ಬಿದ್ದ. ಮುಖಕ್ಕೆ 130 ಹೊಲಿಗೆ. ಹತ್ತು ಹಲ್ಲು ಹೋದವು. ದವಡೆಯ ಮೂಳೆಯೂ ಹೋಯಿತು. ಎರಡು ದಿನ ಕೋಮಾದಲ್ಲಿಟ್ಟಿದ್ದರು.

ಗ್ರೂನೆವೇಗನ್ ಮಾಡಿದ್ದು ತಪ್ಪೇ. ಅವನಿಗೆ ಒಂಬತ್ತು ತಿಂಗಳ ನಿಷೇಧ ಆಯಿತು, ಜೀವ ಬೆದರಿಕೆಗಳೂ ಬಂದವು. ಆದರೆ ಇಳಿಜಾರಿನಲ್ಲಿ ಗೆರೆ ಎಳೆದವನು ಅವನಲ್ಲ. ಒಂದಕ್ಕೊಂದು ಸರಿಯಾಗಿ ಕೂರದ ಬ್ಯಾರಿಕೇಡು ಇಟ್ಟವನೂ ಅವನಲ್ಲ. ಅದೇ ತಪ್ಪು ಸ್ವಲ್ಪ ಏರು ರಸ್ತೆಯಲ್ಲಿ, ಗಟ್ಟಿಯಾಗಿ ಕೂತು ಒಳಕ್ಕೆ ಸ್ವಲ್ಪ ಬಾಗುವ ತಡೆಯ ಪಕ್ಕದಲ್ಲಿ ಆಗಿದ್ದರೆ ಇಬ್ಬರ ಬದುಕೂ ಬೇರೆ ಥರ ಇರುತ್ತಿತ್ತು ಅಂತ ನಾನು ನಂಬಿದ್ದೇನೆ.

2022ರ ಜುಲೈ 2 ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ದಿನ ಆಷಾಢದ ಮೊದಲ ಶುಕ್ರವಾರ. ಬೆಟ್ಟದ ಜನಜಂಗುಳಿಯಲ್ಲಿ ನಿಂತು ಕಾಲು ನೋಯುತ್ತಿತ್ತು. ಶನಿವಾರ ಸಂಜೆ ಮಂಡಿ ಚಾಚಿಕೊಂಡು ಟೂರ್ ಹಾಕಿದೆ. ಡೆನ್ಮಾರ್ಕಿನ ನ್ಯೂಬೋರ್‌ನಲ್ಲಿ ಯಾಕೊಬ್ಸೆನ್ ಗೆದ್ದ. ನಾನು ಎದ್ದು ನಿಂತುಬಿಟ್ಟಿದ್ದೆ. ಮಾರನೇ ದಿನ ಭಾನುವಾರ ಗೆದ್ದದ್ದು ಯಾರು ಅಂತೀರಿ? ಗ್ರೂನೆವೇಗನ್. ಸತ್ತು ಬದುಕಿದವನು ಒಂದು ದಿನ, ಆ ಭಾರ ಹೊತ್ತವನು ಮಾರನೇ ದಿನ. ಅಕ್ಕನ ಮಗಳು ಆಗ ಇನ್ನೂ ಚಿಕ್ಕವಳು. "ಯಾಕೆ ಮಾವ ಅಳ್ತಿದೀಯ?" ಅಂತ ಕೇಳಿದ್ದಳು.

ಈಗ ಅವಳಿಗೆ ಲೆಕ್ಕ ಬರುತ್ತದೆ. ಮೊನ್ನೆ ಅವಳ ಫಿಸಿಕ್ಸ್ ನೋಟ್ಸಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆವು. ಗಂಟೆಗೆ 80 ಕಿ.ಮೀ. ವೇಗದಲ್ಲಿ ನೇರ ಗೋಡೆಗೆ ಬಡಿಯುವುದೂ ಸುಮಾರು 25 ಮೀಟರ್ ಮೇಲಿಂದ ಬೀಳುವುದೂ ಒಂದೇ. ನಮ್ಮ ಸಂತ ಫಿಲೋಮಿನಾ ಚರ್ಚಿನ ಗೋಪುರ 175 ಅಡಿ ಅಂತಾರಲ್ವಾ, ಅದರ ಅರ್ಧದ ಹತ್ತಿರ ಬಂತು. ಚಾಮುಂಡಿ ಬೆಟ್ಟ ಇಳಿಯುವಾಗ ನಾವು ಸುಮ್ನೆ ಮುಟ್ಟುವ 50 ಕಿ.ಮೀ. ವೇಗಕ್ಕೆ ಸುಮಾರು 10 ಮೀಟರ್. ಮೂರು ಮಹಡಿ. ಅವಳು ಪೆನ್ನು ಕಚ್ಚಿಕೊಂಡು ಆ ಅಂಕಿಯನ್ನೇ ನೋಡುತ್ತಾ ಕೂತಳು. ಆಮೇಲೆ ಹೇಳಿದಳು: "ಆದ್ರೆ ಮಾವ, ಎಷ್ಟು ದೂರದಲ್ಲಿ ನಿಲ್ತೀವಿ ಅನ್ನೋದೂ ಮುಖ್ಯ ಅಲ್ವಾ?" ಪಾಯಿಂಟು ಅದೇ. ಕಲ್ಲು ಕೂದಲೆಳೆಯಷ್ಟೂ ಜಾಗ ಬಿಡದೆ ನಿಲ್ಲಿಸುತ್ತದೆ, ಆ ಏಟೆಲ್ಲ ಮೈಗೇ. ಮೆತ್ತಗಿನದು ಒಂದು ಮೊಳ ಒಳಗೆ ಬಿಟ್ಟುಕೊಂಡು ನಿಲ್ಲಿಸುತ್ತದೆ. ಹೆಲ್ಮೆಟ್ಟಿನ ಥರ್ಮಾಕೋಲು ಮಾಡುವುದೂ ಇದನ್ನೇ. ತಾನು ನಜ್ಜಾಗಿ ತಲೆಗೆ ಅರ್ಧ ಅಂಗುಲ ಜಾಗ ಕೊಡುತ್ತದೆ.

ಆ ಹೆಲ್ಮೆಟ್ಟು ಕೂಡ ಸುಮ್ನೆ ಬರಲಿಲ್ಲ. 1991ರಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಕಡ್ಡಾಯ ಮಾಡಲು ಹೋದಾಗ ಸವಾರರೇ ಪ್ಯಾರಿಸ್–ನೀಸ್ ರೇಸಿನಲ್ಲಿ ಪ್ರತಿಭಟನೆ ಮಾಡಿದರು. ಸೆಕೆ, ತೂಕ, ನಮ್ಮ ತಲೆ ನಮ್ಮಿಷ್ಟ ಅನ್ನುವ ವಾದ. ಒಕ್ಕೂಟ ಹಿಂದೆ ಸರಿಯಿತು. ಹನ್ನೆರಡು ವರ್ಷದ ನಂತರ ಅದೇ ಪ್ಯಾರಿಸ್–ನೀಸ್‌ನಲ್ಲಿ ಹೆಲ್ಮೆಟ್ಟಿಲ್ಲದೆ ಬಿದ್ದ ಕಜಕಸ್ತಾನದ ಆಂದ್ರೇ ಕಿವಿಲೆವ್ 2003ರ ಮಾರ್ಚ್ 12ರಂದು ತೀರಿಕೊಂಡ. ಎರಡೇ ತಿಂಗಳಲ್ಲಿ ನಿಯಮ ಬಂತು. ಅದರಲ್ಲೂ ಮೊದಮೊದಲು ಕೊನೆಯ ಬೆಟ್ಟದ ಏರಿನಲ್ಲಿ ತೆಗೆದಿಡಬಹುದು ಅನ್ನುವ ರಿಯಾಯಿತಿ ಇತ್ತು.

ಸವಾರರ ಮೇಲಿನ ನಿಯಮಗಳು ಆಮೇಲೆ ಬರುತ್ತಲೇ ಇವೆ. ಇಳಿಜಾರಿನಲ್ಲಿ ಸೀಟು ಬಿಟ್ಟು ಬಾರ್ ಮೇಲೆ ಕುಕ್ಕರುಗಾಲಲ್ಲಿ ಕೂರುವುದನ್ನು 2021ರ ಏಪ್ರಿಲ್‌ನಿಂದ ನಿಲ್ಲಿಸಿದರು. ನಮ್ಮ ಬೆಟ್ಟದ ಇಳಿಜಾರಿನಲ್ಲಿ ಹುಡುಗರು ಇವತ್ತಿಗೂ ಹಾಗೆ ಕೂತು ಬರುತ್ತಾರೆ, ನೋಡಿದರೆ ಎದೆ ಝಲ್ಲೆನ್ನುತ್ತದೆ. 2025ರಿಂದ ಫುಟ್ಬಾಲಿನ ಹಾಗೆ ಹಳದಿ ಕಾರ್ಡು ಬಂದಿದೆ. ಇವೆಲ್ಲ ಬೇಕು. ಆದರೆ ರಸ್ತೆಯ ಅಂಚಿಗೆ ಬಂದಾಗ ಕೆಲಸ ಇಷ್ಟು ಜೋರಾಗಿ ಆಗೋದಿಲ್ಲ. 2023ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ರೇಸ್ ಒಂದು ದಿನ ಆಲ್ಬುಲಾ ಕಣಿವೆ ಇಳಿದು ಬುಡದಲ್ಲಿ ಮುಗಿಯಿತು. ಆ ಇಳಿಜಾರಿನಲ್ಲಿ 26 ವರ್ಷದ ಜೀನೊ ಮೇಡರ್ ರಸ್ತೆಯಿಂದಾಚೆಯ ಕೊರಕಲಿಗೆ ಬಿದ್ದ. ಮಾರನೇ ದಿನ ತೀರಿಕೊಂಡ.

ನಮ್ಮ ಕಡೆಯವರಿಗೆ ರಸ್ತೆಯ ಅಂಚು ಅಂದರೆ ಏನು ಅಂತ ಹೊರಗಿನವರು ಹೇಳಿಕೊಡಬೇಕಿಲ್ಲ. 2018ರ ನವೆಂಬರ್ 24. ಪಾಂಡವಪುರ ತಾಲ್ಲೂಕಿನ ಕನಗನಮರಡಿ. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು. ಆಮೇಲೂ ಅದೇ ನಾಲೆಗೆ ಕಾರುಗಳು ಬಿದ್ದಿವೆ. ಪ್ರತಿ ಸಲವೂ ಡ್ರೈವರ್ ಏನು ಮಾಡಿದ ಅನ್ನುವ ಮಾತು ಮೊದಲು. ತಡೆಗೋಡೆ ಇತ್ತಾ ಅನ್ನುವುದು ಆಮೇಲೆ. ನಾಲೆ ಏರಿಯ ಮೇಲೆ ಸೈಕಲ್ ಹೊಡೆಯುವಾಗ, ತಡೆಗೋಡೆ ಇಲ್ಲದ ಕಡೆ ಬಂದರೆ ನಾನು ಎಡಗಣ್ಣಲ್ಲಿ ನೀರು ನೋಡುತ್ತಲೇ ಹೋಗುತ್ತೇನೆ. ಅಭ್ಯಾಸ ಆಗಿಬಿಟ್ಟಿದೆ.

ಒಂದು ಹೆಸರನ್ನು ಅಕ್ಕನ ಮುಂದೆ ಹೇಳಲು ಬಹಳ ದಿನ ಹಿಂದೆಮುಂದೆ ನೋಡಿದೆ. ಮ್ಯೂರಿಯಲ್ ಫುರರ್. ಸ್ವಿಟ್ಜರ್ಲೆಂಡಿನ ಹುಡುಗಿ, 18 ವರ್ಷ. 2024ರ ಸೆಪ್ಟೆಂಬರ್ 26ರಂದು ತನ್ನದೇ ದೇಶದ ಜ್ಯೂರಿಕ್‌ನಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ಓಡುತ್ತಿದ್ದಳು. ಮಳೆ ಬರುತ್ತಿತ್ತು. ಕಾಡಿನ ನಡುವಿನ ಇಳಿಜಾರಿನಲ್ಲಿ ಬಿದ್ದಳು. ಬಿದ್ದದ್ದು ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಆ ರೇಸಿನಲ್ಲಿ ಸವಾರರ ಕಿವಿಗೆ ರೇಡಿಯೊ ಇರಲಿಲ್ಲ. ಉಳಿದವರು ಸುತ್ತು ಹಾಕುತ್ತಲೇ ಇದ್ದರು. ಮಾರನೇ ದಿನ ಆಸ್ಪತ್ರೆಯಲ್ಲಿ ಹೋದಳು. ಇದೊಂದನ್ನು ನನ್ನ ಕೈಯಲ್ಲಿ ಅರಗಿಸಿಕೊಳ್ಳೋಕೆ ಆಗಿಲ್ಲ. ನಾನು ಬಿದ್ದಾಗ ಹೊಲದಿಂದ ಒಬ್ಬ ಅಜ್ಜಿ ಓಡಿ ಬಂದರು. ಅಷ್ಟು ಕ್ಯಾಮೆರಾ, ಅಷ್ಟು ವಾಹನ, ಅಷ್ಟು ಜನ ಇದ್ದೂ ಆ ಹುಡುಗಿಯ ಹತ್ತಿರ ಯಾರೂ ಓಡಿ ಬರಲಿಲ್ಲ.

ಮುಂದಿನ ವರ್ಷ ರುವಾಂಡದ ಕಿಗಾಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಎಲ್ಲ ಸವಾರರ ಸೈಕಲ್ಲಿಗೂ ಜಿಪಿಎಸ್ ಹಾಕಿದರು. ಅದಕ್ಕೆ ಸ್ವಲ್ಪ ಮುಂಚೆ ಸ್ವಿಟ್ಜರ್ಲೆಂಡಿನಲ್ಲೇ ಮಹಿಳೆಯರ ಒಂದು ರೇಸಿನಲ್ಲಿ ಪರೀಕ್ಷೆ ಮಾಡಲು ಹೋದಾಗ, ಯಾರ ಸೈಕಲ್ಲಿಗೆ ಹಾಕಬೇಕು ಅನ್ನುವ ಜಗಳದಲ್ಲಿ ಐದು ತಂಡಗಳು ರೇಸಿನಿಂದಲೇ ಹೊರಗೆ ಬಿದ್ದವು. ಯಾರದು ಸರಿ ಅಂತ ನಾನು ಹೇಳಲಾರೆ. ನಮ್ಮೂರಲ್ಲಿ ಹೊಟ್ಟೆಪಾಡಿಗೆ ಊಟ ತಂದುಕೊಡುವ ಹುಡುಗ ಯಾವ ಸರ್ಕಲ್ ದಾಟಿದ ಅಂತ ನಮ್ಮ ಫೋನು ಹೇಳುತ್ತದೆ. ಒಂದು ಮಗು ಬಿದ್ದ ಜಾಗ ಹೇಳೋಕೆ ಇಷ್ಟು ಎಳೆದಾಟ ಯಾಕೆ ಅಂತ ಮಾತ್ರ ಕೇಳಬೇಕು ಅನಿಸುತ್ತದೆ.

ಕೊನೆಗೆ ಅಕ್ಕನಿಗೆ ಎಲ್ಲ ಹೇಳಿದೆ. ಫುರರ್ ವಿಷಯವನ್ನೂ ಹೇಳಿದೆ. ಅಕ್ಕ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ಬಹಳ ಹೊತ್ತು ಮಾತಾಡಲಿಲ್ಲ. "ರೇಸ್ ಮಾಡೋ ರೋಡನ್ನ ಮೊದ್ಲು ನೀನು ನೋಡ್ಕೊಂಡು ಬಾ. ನಡ್ಕೊಂಡೇ ಹೋಗಿ ನೋಡು. ಆಮೇಲೆ ನಾನು ಹೇಳ್ತೀನಿ" ಅಂದಳು.

ಆ ರೇಸ್ ದೊಡ್ಡದೇನಲ್ಲ. ನಮ್ಮ ಸೈಕಲ್ ಗುಂಪಿನವರೇ ಸೇರಿ ಮಾಡುವಂಥದ್ದು. ಐದು ಕಿ.ಮೀ. ಸುತ್ತು, ಆರು ಸಲ. ಕಳೆದ ಶನಿವಾರ ನಾನು, ಅಕ್ಕನ ಮಗಳು, ಗುಂಪಿನ ಇನ್ನಿಬ್ಬರು ಇಡೀ ಸುತ್ತನ್ನು ನಡೆದೆವು. ಕೈಯಲ್ಲೊಂದು ಸುಣ್ಣದ ಡಬ್ಬ. ಸೈಕಲ್ ಮೇಲೆ ಹತ್ತು ಸಲ ಹೋದ ರಸ್ತೆಯೇ. ನಡೆದಾಗ ಬೇರೆ ಥರ ಕಂಡಿತು. ಬಣ್ಣ ಬಳಿಯದ ಎರಡು ಹಂಪ್ಸು. ಮುಚ್ಚಳ ಇಲ್ಲದ ಒಂದು ಚರಂಡಿ. ಹುಲ್ಲಿನೊಳಗೆ ಒಂದು ಮೋರಿ, ಅದರ ಮೂಲೆ ಚೂಪಾಗಿತ್ತು. ಗೆಲುವಿನ ಗೆರೆಯನ್ನು ಗುಡಿಯ ಮುಂದೆ ಎಳೆಯುವುದು ಅಂತಿತ್ತು, ಅಲ್ಲಿ ರಸ್ತೆ ಇಳಿಯುತ್ತದೆ. ಇನ್ನೂರು ಮೀಟರ್ ಮುಂದಕ್ಕೆ, ಏರು ಶುರುವಾಗುವ ಕಡೆಗೆ ಸರಿಸಿದೆವು. ಫೋಟೋ ಚೆನ್ನಾಗಿ ಬರೋದಿಲ್ಲ ಅಂತ ಒಬ್ಬರು ಬೇಜಾರು ಮಾಡಿಕೊಂಡರು. ಆಗಲಿ ಅಂದೆವು. ಪ್ರತಿ ತಿರುವಿಗೂ ಒಬ್ಬೊಬ್ಬರು ಸೀಟಿ ಹಿಡಿದು ನಿಲ್ಲಬೇಕು, ಸುತ್ತು ಮುಗಿದಾಗ ಲೆಕ್ಕದಲ್ಲಿ ಒಬ್ಬರು ಕಮ್ಮಿ ಬಂದರೂ ಹುಡುಕಿಕೊಂಡು ಹೊರಡಬೇಕು ಅಂತ ಮಾತಾಯಿತು.

ಮೂರನೇ ತಿರುವಿನಲ್ಲಿ ಕರೆಂಟ್ ಕಂಬ. ತಿರುವಿನ ಹೊರಮಗ್ಗುಲಿಗೆ, ಜಾರಿದವರು ನೇರ ಹೋಗಿ ಬಡಿಯುವ ಜಾಗದಲ್ಲೇ ನಿಂತಿದೆ. ಅದನ್ನು ಸರಿಸಲು ನಮ್ಮ ಕೈಲಾಗದು. ಟೂರ್‌ನಲ್ಲಿ ಇಂಥ ಕಡೆ ಹುಲ್ಲಿನ ಕಟ್ಟು ಇಡುವುದನ್ನು ಎಷ್ಟೋ ಸಲ ನೋಡಿದ್ದೆವು. ಪಕ್ಕದ ಗದ್ದೆಯಲ್ಲಿ ಮೆಷಿನ್ ಕಟ್ಟಿದ ಭತ್ತದ ಹುಲ್ಲಿನ ಪೆಂಡಿಗಳು ಬಿದ್ದಿದ್ದವು. ಗದ್ದೆಯವರನ್ನು ಕೇಳಿದೆವು. ನಾಲ್ಕು ತಗೊಳ್ಳಿ, ರೇಸ್ ಮುಗಿದ ಮೇಲೆ ಹಸುಗೆ ಬೇಕು, ವಾಪಸ್ ಹಾಕಿ ಅಂದರು.

ಎರಡೆರಡು ಪೆಂಡಿ ಒಟ್ಟಿ ಕಂಬಕ್ಕೆ ಹಗ್ಗ ಸುತ್ತಿ ಕಟ್ಟಿ ನೋಡಿದೆವು. ಅಕ್ಕನ ಮಗಳು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಓಡಿ ಬಂದು ಭುಜ ಕೊಟ್ಟು ಗುದ್ದಿದಳು. ಹುಲ್ಲು ಒಳಗೆ ಕುಸಿಯಿತು. ಅವಳು ಭುಜ ಉಜ್ಜಿಕೊಳ್ಳುತ್ತಾ ನಿಂತಳು.

"ಕಂಬ ಸಿಕ್ತು ಮಾವ. ಇನ್ನೆರಡು ಬೇಕು."

ನಾನು ಮತ್ತೆ ಗದ್ದೆಗೆ ಇಳಿದೆ.